ಒಂದೇ ಮನೆಯಲ್ಲಿ ಮೂರು ಬರೋಣ

ಪ್ರಶ್ನೆ: ಸರ್, ನಾನು ಗದಗ-ಬೆಟಗೇರಿಯವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮದು ಬಾಸೆಲ್ ಮಿಶನ್ ಕಾಲದ ಕುಟುಂಬ, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಎಂಟು ತಿಂಗಳಿಂದ ನಮ್ಮ ಯಜಮಾನರ ಹತ್ತಿರ ಇಬ್ಬರು ಯೆಹೋವನ ಸಾಕ್ಷಿಗಳು (ಮನೆಮನೆಗೆ ಹೋಗಿ ಸಾರುವ ಪಂಥದವರು) ಬೈಬಲ್ ಅಧ್ಯಯನಕ್ಕೆ ಬರುತ್ತಾರೆ. ಮನುಷ್ಯರು ಒಳ್ಳೆಯವರೇ. ಆದರೆ ಕ್ರಿಸ್ತನು 1914ರಲ್ಲೇ ಅದೃಶ್ಯನಾಗಿ ಬಂದಾಗಿದೆ, ಗ್ರೀಕ್ ಮೂಲದಲ್ಲಿ ಇರುವುದು ‘ಬರೋಣ’ (ಕ್ರಿಸ್ತನು ಮತ್ತೆ ಬರುವುದು) ಅಲ್ಲ, ‘ಸಾನ್ನಿಧ್ಯ’ ಎಂದು ಅವರು ತೋರಿಸಿದ ಮೇಲೆ ಇವರು ಚರ್ಚಿಗೆ ಬರುವುದನ್ನು ಬಿಟ್ಟಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಬೇರೊಂದು ಪ್ರಾರ್ಥನಾಕೂಟಕ್ಕೆ ಹೋಗುತ್ತಾನೆ. “ಅಕ್ಕಾ, ಎತ್ತಲ್ಪಡುವಿಕೆ ಯಾವ ಗಳಿಗ್ಯಾಗರ ಆಗ್ತದ, ನಾವು ಒಮ್ಮೆಲೇ ಮಾಯ ಆಗ್ತೀವಿ, ಉಳಿದವರಿಗೆ ಏಳು ವರ್ಷ ಮಹಾಸಂಕಟ” ಅನ್ನುತ್ತಾನೆ. ಅಪ್ಪ ಬಿಟ್ಟುಹೋದ ನಾಲ್ಕು ಎಕರೆ ಎರಿಹೊಲ ಮಾರೋಣ, ತನ್ನ ಪಾಲನ್ನು ಸೇವೆಗೆ ಕೊಡುತ್ತೇನೆ ಎಂದು ಹಟ ಹಿಡಿದಿದ್ದಾನೆ. ಪಿಯುಸಿ ಎರಡನೇ ವರ್ಷದ ಮಗಳು ಊಟಕ್ಕೆ ಕೂತಾಗ “ಹಂಗಾದ್ರ ನಾ ಸಿಇಟಿಗೆ ಯಾಕ ಓದಬೇಕು?” ಅಂದಳು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಸಭಾಪಾಲಕರನ್ನು ಕೇಳಿದರೆ “ಆ ದಿನ ಯಾರಿಗೂ ಗೊತ್ತಿಲ್ಲಮ್ಮ” ಎಂದು ಮುಗಿಸಿದರು. ಒಂದೇ ಬೈಬಲು, ಮನೆಯಲ್ಲಿ ಮೂರು ಬರೋಣ. ಯಾವುದು ನಿಜ? ನಾನೇನು ಮಾಡಲಿ?

ಉತ್ತರ: ಸಹೋದರಿ, ಮೊದಲು ಹೊಲದ ಮಾತು. ಇದನ್ನು ಕೊನೆಯವರೆಗೆ ಓದಿ ಮುಗಿಸುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಬರೋಣದ ವಾದ ಎರಡು ಸಾವಿರ ವರ್ಷ ಕಾದಿದೆ, ನಿಮ್ಮ ಸಹಿಗಾಗಿ ಇನ್ನೊಂದು ತಿಂಗಳು ಕಾದೀತು.

ಮೂವತ್ತು ವರ್ಷ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸ ಒಡಂಬಡಿಕೆಯ ಗ್ರೀಕ್ ಕಲಿಸಿದವನು ನಾನು. ಇಂಥ ಪತ್ರ ಹಿಂದೆಯೂ ಬಂದಿವೆ. ಅವುಗಳಲ್ಲಿ ಕೇಳಿದ್ದು ‘ಯಾರು ಸರಿ’ ಎಂದು, ಆದರೆ ಕೊರೆಯುತ್ತಿದ್ದದ್ದು ‘ಮನೆ ಒಡೆದೀತೇ’ ಎಂಬ ಭಯ. ನಿಮ್ಮ ಪತ್ರದಲ್ಲೂ ಎರಡೂ ಇವೆ. ನನ್ನ ಪಕ್ಷವನ್ನೂ ಮುಚ್ಚಿಡುವುದಿಲ್ಲ. ಕ್ರಿಸ್ತನು ಎಲ್ಲರಿಗೂ ಕಾಣುವಂತೆ ಮತ್ತೆ ಬರುವನು, ಅದಕ್ಕೆ ತಾರೀಖು ಹಚ್ಚುವ ಕೆಲಸ ನಮ್ಮದಲ್ಲ ಎಂದು ನಂಬುವವನು ನಾನು. ಕೆಳಗಿನದನ್ನು ಓದುವಾಗ ಅದು ನಿಮ್ಮ ಗಮನದಲ್ಲಿರಲಿ.

ಪದದಿಂದಲೇ ಶುರು ಮಾಡೋಣ, ಯಜಮಾನರನ್ನು ಅಲುಗಿಸಿದ್ದು ಅದೇ ತಾನೇ. ಮತ್ತಾಯ 24ರ ಮೂರನೆಯ ವಚನದಲ್ಲಿ, ಎಣ್ಣೇಮರಗಳ ಗುಡ್ಡದ ಮೇಲೆ ಶಿಷ್ಯರು ಕೇಳುವ ಪ್ರಶ್ನೆಯಲ್ಲಿ ಇರುವ ಗ್ರೀಕ್ ಪದ ‘ಪರೂಸಿಯ’. ಬಿಡಿಸಿದರೆ ‘ಬಳಿ ಇರುವುದು’. ಆದ್ದರಿಂದ ‘ಸಾನ್ನಿಧ್ಯ’ ಎಂದು ಅವರು ಹೇಳಿದ್ದು ತಪ್ಪಲ್ಲ. ಫಿಲಿಪ್ಪಿಯವರಿಗೆ ಬರೆಯುವಾಗ ಅಪೊಸ್ತಲನಾದ ಪೌಲ, ನಾನು ಹತ್ತಿರ ಇದ್ದಾಗ ಮಾತ್ರವಲ್ಲ, ಇಲ್ಲದಾಗಲೂ ವಿಧೇಯರಾಗಿರಿ ಎನ್ನುತ್ತಾನೆ. ಅಲ್ಲಿ ಪರೂಸಿಯ ಎಂದರೆ ಇರುವಿಕೆಯೇ, ಅದಕ್ಕೆದುರಾಗಿ ‘ಅಪೂಸಿಯ’, ಇಲ್ಲದಿರುವಿಕೆ. ಆದರೆ ಅದೇ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಏಳನೆಯ ಅಧ್ಯಾಯದಲ್ಲಿ, ಕುಗ್ಗಿದ್ದ ನಮ್ಮನ್ನು ದೇವರು ನಮ್ಮ ಜೊತೆಗಾರ ತೀತನ ಪರೂಸಿಯದಿಂದ ಸಂತೈಸಿದನು ಅನ್ನುತ್ತಾನೆ. ದಾರಿ ಕಾಯುತ್ತಿದ್ದವನ ಮುಂದೆ ತೀತ ಬಂದು ನಿಂತ. ಬಂದದ್ದಕ್ಕೂ ಜೊತೆಗೆ ಇದ್ದದ್ದಕ್ಕೂ ಅಲ್ಲಿ ಒಂದೇ ಮಾತು ಸಾಕಾಯಿತು. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು 24 ಸಲ, ಅದರಲ್ಲಿ ಆರು ಸಲ ಹೀಗೆ ಸಾಮಾನ್ಯ ಮನುಷ್ಯರ ಬಗ್ಗೆ, ಹದಿನಾರು ಸಲ ಕ್ರಿಸ್ತನ ಬಗ್ಗೆ. ನಮ್ಮ ಹಳೆಯ ಕನ್ನಡ ಬೈಬಲು ಮತ್ತಾಯದಲ್ಲಿ ‘ಪ್ರತ್ಯಕ್ಷ’ ಎಂಬ ಮಾತನ್ನು ಆರಿಸಿಕೊಂಡಿತು. ನನ್ನ ಮಟ್ಟಿಗೆ ಅದು ಜಾಣ ಆಯ್ಕೆ. ಬರುವುದೂ ಇರುವುದೂ ಅದರಲ್ಲಿ ಸೇರುತ್ತವೆ, ಜೊತೆಗೆ ಕಣ್ಣಿಗೆ ಕಾಣುವುದೂ ಸೇರುತ್ತದೆ.

ಪೌಲನ ಕಾಲದ ಪೇಟೆಯಲ್ಲಿ ಈ ಪದಕ್ಕೆ ಇನ್ನೊಂದು ಬಳಕೆ ಇತ್ತು. ಅದು ಸಾಹೇಬರು ಊರಿಗೆ ಬರುವುದು. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ, ಅರಸನ ಪರೂಸಿಯಕ್ಕೆಂದು ಜನರಿಂದ ಎತ್ತಿದ ವಸೂಲಿಯ ಲೆಕ್ಕಗಳಿವೆ. ಅವನಿಗೆ ಕಾಣಿಕೆ ಕೊಡಬೇಕಾದ ಚಿನ್ನದ ಕಿರೀಟಕ್ಕೂ ಜನರೇ ಕಂದಾಯ ತೆರಬೇಕಿತ್ತು. ನೀರೊ ಚಕ್ರವರ್ತಿ ಗ್ರೀಸಿಗೆ ಬಂದಾಗ ಕೊರಿಂಥ ನಗರ ಅವನ ಆಗಮನದ ನೆನಪಿಗೆ ನಾಣ್ಯ ಅಚ್ಚು ಹಾಕಿಸಿತು, ಲ್ಯಾಟಿನ್ನಿನಲ್ಲಿ ‘ಆಗಮನ’ ಎಂಬ ಮಾತನ್ನೇ ಕೊರೆಸಿ. ಮುಖ್ಯಮಂತ್ರಿ ಬರುತ್ತಾರೆಂದರೆ ರಾತ್ರೋರಾತ್ರಿ ರಸ್ತೆಗೆ ಡಾಂಬರು ಬೀಳುವುದನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆ ಪರೂಸಿಯ ಯಾರಿಗೂ ಗೊತ್ತಾಗದಂತೆ ನಡೆಯುವ ಸಂಗತಿಯಾಗಿರಲಿಲ್ಲ.

ಆದ್ದರಿಂದ ‘ಮೂಲದಲ್ಲಿ ಸಾನ್ನಿಧ್ಯ ಎಂದಿದೆ, ಹಾಗಾಗಿ ಅದೃಶ್ಯ’ ಎಂಬ ವಾದದಲ್ಲಿ ಮೊದಲರ್ಧ ನಿಘಂಟಿನದು, ಎರಡನೆಯರ್ಧ ವಾದ ಮಾಡುವವರದು. ಸಾನ್ನಿಧ್ಯ ಎಂದಮಾತ್ರಕ್ಕೆ ಅದೃಶ್ಯ ಎಂದಾಗುವುದಿಲ್ಲ. ನೀವು ತರಗತಿಯಲ್ಲಿ ‘ಎಸ್, ಮಿಸ್’ ಎಂದು ಹಾಜರಿ ಕೂಗಿಸುವುದು ಕಾಣದ ಮಕ್ಕಳದ್ದಲ್ಲವಲ್ಲ. ಮತ್ತಾಯ 24ರಲ್ಲೇ ಮುಂದೆ, ಅವನು ಒಳಗಣ ಕೋಣೆಯಲ್ಲಿದ್ದಾನೆಂದು ಹೇಳಿದರೆ ನಂಬಬೇಡಿರಿ, ಮಿಂಚು ಮೂಡಣದಿಂದ ಪಡುವಣದವರೆಗೆ ಹೊಳೆಯುವ ಹಾಗೆ ಅವನ ಪರೂಸಿಯ ಇರುವುದು ಎಂದಿದೆ. 26 ಮತ್ತು 27ನೆಯ ವಚನಗಳು. ಯಜಮಾನರ ಜೊತೆ ಕೂತು ಈ ಎರಡನ್ನು ಓದಿ. ಸಾಕ್ಷಿಗಳು ಇದಕ್ಕೂ ಉತ್ತರ ಕೊಡುತ್ತಾರೆ. ಅದನ್ನೂ ಕೇಳಿಸಿಕೊಳ್ಳಿ.

ಇನ್ನು 1914. ನೀವು ವಿಜ್ಞಾನದವರು, ಲೆಕ್ಕ ಹಾಸಿಟ್ಟರೆ ನಿಮಗೇ ಕಾಣುತ್ತದೆ. ದಾನಿಯೇಲನ ನಾಲ್ಕನೆಯ ಅಧ್ಯಾಯದಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಒಂದು ಕನಸು ಕಾಣುತ್ತಾನೆ. ಆಕಾಶ ಮುಟ್ಟುವ ಮರ ಕಡಿದುಬೀಳುತ್ತದೆ, ಬುಡಕ್ಕೆ ಪಟ್ಟಿ ಬಿಗಿಯುತ್ತಾರೆ, ‘ಏಳು ಕಾಲ’ ಕಳೆಯಬೇಕು ಎನ್ನುತ್ತಾರೆ. ಅದರ ಅರ್ಥ ಅಲ್ಲೇ ಹೇಳಿದೆ. ಗರ್ವದ ಅರಸ ಬುದ್ಧಿ ಕಳೆದುಕೊಂಡು ಎತ್ತಿನಂತೆ ಹುಲ್ಲು ಮೇಯುತ್ತಾನೆ, ಆಮೇಲೆ ಸರಿಹೋಗುತ್ತಾನೆ. 1914ಕ್ಕೆ ಬರಬೇಕಾದರೆ ಇದಕ್ಕೆ ಎರಡನೆಯ ಅರ್ಥವೂ ಇದೆ ಎಂದುಕೊಳ್ಳಬೇಕು, ಮರ ಎಂದರೆ ದಾವೀದನ ವಂಶದ ಮೂಲಕ ನಡೆಯುತ್ತಿದ್ದ ದೇವರ ಆಳ್ವಿಕೆ ಎಂದು. ಆಮೇಲೆ ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 12ನೆಯ ಅಧ್ಯಾಯಕ್ಕೆ ಹೋಗಬೇಕು. ಅಲ್ಲಿ ಮೂರೂವರೆ ಕಾಲ ಎಂದರೆ 1260 ದಿನ, ಹಾಗಾದರೆ ಏಳು ಕಾಲ 2520 ದಿನ. ಬಳಿಕ ಅರಣ್ಯಕಾಂಡ 14, ಯೆಹೆಜ್ಕೇಲ 4 ತಂದು ದಿನಕ್ಕೊಂದು ವರ್ಷ ಎಂದು ಹಿಡಿದರೆ 2520 ವರ್ಷ. ಎಣಿಕೆಯನ್ನು ಯೆರೂಸಲೇಮ್ ಬಿದ್ದ ವರ್ಷದಿಂದ ಶುರು ಮಾಡಬೇಕು. ಅದು ಕ್ರಿ.ಪೂ. 607 ಎಂದು ಇಟ್ಟರೆ, ಸೊನ್ನೆ ವರ್ಷ ಇಲ್ಲವಾದ್ದರಿಂದ ಒಂದು ಕೂಡಿಸಿ, 1914.

ಗುಣಾಕಾರ, ಸಂಕಲನ ಎಲ್ಲ ಸರಿಯಾಗಿದೆ. ನೋಡಬೇಕಾದದ್ದು ಬೆಸುಗೆಗಳನ್ನು. ಎರಡನೆಯ ಅರ್ಥ ಇದೆ ಎಂದು ದಾನಿಯೇಲನೂ ಹೇಳಿಲ್ಲ, ಯೇಸುವೂ ಹೇಳಿಲ್ಲ. ಪ್ರಕಟನೆಯ 1260 ದಿನಗಳನ್ನು ದಾನಿಯೇಲನಿಗೆ ಜೋಡಿಸಿ ಎಂದು ಯಾವ ವಚನವೂ ಇಲ್ಲ. ದಿನಕ್ಕೊಂದು ವರ್ಷ ಎಂಬ ಮಾತು ಆ ಎರಡು ಕಡೆ ಆ ಎರಡು ಸಂದರ್ಭಗಳಿಗೆ ಹೇಳಿದ್ದು. ಎಲ್ಲಕ್ಕಿಂತ ಸಡಿಲ ಬೆಸುಗೆ 607. ಯೆರೂಸಲೇಮ್ ಬಿದ್ದದ್ದು ಕ್ರಿ.ಪೂ. 587 ಅಥವಾ 586 ಎಂದು ಇತಿಹಾಸಕಾರರು ಹೇಳುವುದು ಊಹೆಯ ಮೇಲಲ್ಲ. ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ನೆಬೂಕದ್ನೆಚ್ಚರನ ಆಳ್ವಿಕೆಯ 37ನೆಯ ವರ್ಷದ ಖಗೋಳ ದಿನಚರಿ ಒಂದಿದೆ. ಮಣ್ಣಿನ ಹಲಗೆ, ಎರಡೂ ಬದಿ ಮೊಳೆಲಿಪಿ. ಚಂದ್ರ ಯಾವ ರಾತ್ರಿ ಯಾವ ನಕ್ಷತ್ರದ ಪಕ್ಕ ಇದ್ದ, ಗ್ರಹಗಳು ಎಲ್ಲಿದ್ದವು ಎಂದು ಬಾಬೆಲಿನ ಲಿಪಿಕಾರರು ಗೀರಿಟ್ಟಿದ್ದಾರೆ. ಆ ಸ್ಥಾನಗಳು ಕ್ರಿ.ಪೂ. 568-567ಕ್ಕೆ ಕೂಡಿಬರುತ್ತವೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಅವನ 18 ಅಥವಾ 19ನೆಯ ವರ್ಷ, ಅಂದರೆ ಪಟ್ಟಣ ಸುಟ್ಟ ವರ್ಷ, 587ರ ಆಸುಪಾಸಿಗೆ ಬೀಳುತ್ತದೆ, 607ಕ್ಕಲ್ಲ. 587 ಇಟ್ಟು ಅದೇ ಲೆಕ್ಕ ಮಾಡಿದರೆ ಸಿಗುವುದು 1934. ಸಾಕ್ಷಿಗಳು ಇದನ್ನು ಒಪ್ಪುವುದಿಲ್ಲ. ಯೆರೆಮೀಯ ಹೇಳಿದ ಎಪ್ಪತ್ತು ವರ್ಷವನ್ನು ಯೆಹೂದ್ಯರು ಮರಳಿ ಬಂದ 537ರಿಂದ ಹಿಂದಕ್ಕೆ ಎಣಿಸಿ 607ಕ್ಕೆ ಬರುತ್ತಾರೆ. ಬೈಬಲು ಹೇಳಿದ ಮೇಲೆ ಮಣ್ಣಿನ ಹಲಗೆ ಯಾತಕ್ಕೆ ಎಂಬುದು ಅವರ ನಿಲುವು. ನನ್ನ ನಿಲುವು ಬೇರೆ. ಯೆರೆಮೀಯ ಆ ಎಪ್ಪತ್ತು ವರ್ಷವನ್ನು ಜನಾಂಗಗಳು ಬಾಬೆಲಿಗೆ ಅಡಿಯಾಳಾಗುವ ಕಾಲ ಎಂದು ಹೇಳಿದ್ದಾನೆ, ಪಟ್ಟಣ ಹಾಳುಬಿದ್ದ ದಿನದಿಂದ ಎಣಿಸಿ ಎಂದಿಲ್ಲ.

ಇತಿಹಾಸದ ಇನ್ನೊಂದು ತುಣುಕು. ‘ಅದೃಶ್ಯ ಸಾನ್ನಿಧ್ಯ’ ಎಂಬ ಮಾತು ಮೊದಲು ಅಂಟಿಕೊಂಡದ್ದು 1914ಕ್ಕಲ್ಲ, 1874ಕ್ಕೆ. ಅಮೆರಿಕದಲ್ಲಿ ನೆಲ್ಸನ್ ಬಾರ್ಬರ್ ಎಂಬುವರ ಸುತ್ತಲಿನ ಗುಂಪು ಆ ವರ್ಷ ಕ್ರಿಸ್ತನ ಕಣ್ಣಾರೆ ಬರೋಣಕ್ಕೆ ಕಾದಿತ್ತು. ಬರಲಿಲ್ಲ. ಆಗ ಅವರಲ್ಲೊಬ್ಬರಿಗೆ, ಬೆಂಜಮಿನ್ ವಿಲ್ಸನ್ 1864ರಲ್ಲಿ ತಂದ ಗ್ರೀಕ್-ಇಂಗ್ಲಿಷ್ ಹೊಸ ಒಡಂಬಡಿಕೆಯಲ್ಲಿ ಪರೂಸಿಯಕ್ಕೆ ‘ಸಾನ್ನಿಧ್ಯ’ ಎಂಬ ಅನುವಾದ ಕಂಡಿತು. ಸರಿ, ಬಂದಾಗಿದೆ, ನಮಗೆ ಕಾಣಲಿಲ್ಲ ಅಷ್ಟೇ ಎಂದರು. ಸಾಕ್ಷಿಗಳ ಪಂಥಕ್ಕೆ ಬುನಾದಿ ಹಾಕಿದ ಚಾರ್ಲ್ಸ್ ರಸೆಲ್ ಅದನ್ನು ಅವರಿಂದ ಪಡೆದು, 1879ರಲ್ಲಿ ಶುರು ಮಾಡಿದ ಪತ್ರಿಕೆಯ ಹೆಸರಿಗೇ ‘ಕ್ರಿಸ್ತನ ಸಾನ್ನಿಧ್ಯದ ಘೋಷಕ’ ಎಂದು ಸೇರಿಸಿದರು. ಇವತ್ತು ಕನ್ನಡದಲ್ಲಿ ‘ಕಾವಲಿನಬುರುಜು’ ಎಂದು ಬರುವುದು ಅದೇ ಪತ್ರಿಕೆಯ ಸಂತಾನ. ರಸೆಲ್ಲರಿಗೆ 1914 ಅಂದರೆ ಲೋಕದ ರಾಜ್ಯಗಳ ಕೊನೆ. ಯುದ್ಧ ಬಂತು, ರಾಜ್ಯಗಳು ಉಳಿದವು. ಸಾನ್ನಿಧ್ಯದ ಆರಂಭ 1874ರಿಂದ 1914ಕ್ಕೆ ಸರಿದದ್ದು ಆಮೇಲೆ. 1914ನ್ನು ಕಂಡ ಪೀಳಿಗೆ ಅಳಿಯುವ ಮೊದಲೇ ಅಂತ್ಯ ಎಂಬ ವಿವರಣೆಯನ್ನೂ ಅವರೇ 1995ರಲ್ಲಿ ತಿದ್ದಿಕೊಂಡರು, 2010ರಲ್ಲಿ ಮತ್ತೆ ತಿದ್ದಿದರು. ಬೆಳಕು ಕ್ರಮೇಣ ಹೆಚ್ಚುತ್ತದೆ ಎಂದು ಅವರು ಇದನ್ನು ಸಮರ್ಥಿಸುತ್ತಾರೆ. ಪದ ಸಿಕ್ಕಿದ್ದು ತಾರೀಖು ಸುಳ್ಳಾದ ಮೇಲೆ ಎಂಬುದನ್ನು ಮಾತ್ರ ನೀವು ಮರೆಯಬೇಡಿ.

ಅವರನ್ನು ಹಗುರವಾಗಿ ನೋಡಬೇಡಿ ಎಂದೂ ಹೇಳಬೇಕು. ಹಿಟ್ಲರನಿಗೆ ಸಲಾಮು ಹೊಡೆಯಲೊಲ್ಲದೆ ಕೈದಿಯ ಗುರುತಾದ ನೇರಳೆ ತ್ರಿಕೋನ ತೊಟ್ಟು ಸೆರೆಶಿಬಿರಗಳಲ್ಲಿ ಸತ್ತವರು ಅವರ ಜನ. ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಿದ್ದ ಕೇರಳದ ಮೂರು ಮಕ್ಕಳ ಪರ 1986ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ. ವಾದ ಬೇರೆ, ಮನುಷ್ಯರು ಬೇರೆ.

ಈಗ ತಮ್ಮನ ‘ಎತ್ತಲ್ಪಡುವಿಕೆ’. ಇದು ಆದಿಸಭೆಯಿಂದ ಬಂದ ನಂಬಿಕೆ ಎಂದು ಅನೇಕರು ತಿಳಿದಿದ್ದಾರೆ. ಕ್ರಿಸ್ತನು ಮೊದಲು ರಹಸ್ಯವಾಗಿ ಬಂದು ತನ್ನವರನ್ನು ಒಯ್ಯುತ್ತಾನೆ, ಏಳು ವರ್ಷ ಸಂಕಟ, ಆಮೇಲೆ ಬಹಿರಂಗವಾಗಿ ಬರುತ್ತಾನೆ ಎಂಬ ಎರಡು ಹಂತದ ಚಿತ್ರವನ್ನು ರೂಪಿಸಿ ಹಬ್ಬಿಸಿದ್ದು 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ. ಐರ್ಲೆಂಡಿನಲ್ಲಿ ಪಾದ್ರಿಯಾಗಿದ್ದು ಬಿಟ್ಟು ಬಂದವರು. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಪುಟದ ಕೆಳಗೆ ಅಚ್ಚಾದ ಟಿಪ್ಪಣಿಯನ್ನು ಓದುಗ ಬರಬರುತ್ತಾ ವಚನವೆಂದೇ ಓದತೊಡಗುತ್ತಾನೆ. ನನ್ನ ವಿದ್ಯಾರ್ಥಿಗಳಲ್ಲೂ ಇದನ್ನು ಕಂಡಿದ್ದೇನೆ.

ಅದಕ್ಕೆ ಆಧಾರವಾಗಿ ತೋರಿಸುವುದು ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯ, 17ನೆಯ ವಚನ. ಬದುಕಿರುವ ನಾವು ಮೇಘಗಳಲ್ಲಿ ಒಯ್ಯಲ್ಪಟ್ಟು ಕರ್ತನನ್ನು ಎದುರುಗೊಳ್ಳುವೆವು. ‘ಒಯ್ಯಲ್ಪಡುವುದು’ ಖಂಡಿತ ಇದೆ, ನಿಮ್ಮ ತಮ್ಮ ಅದನ್ನು ಕಲ್ಪಿಸಿಕೊಂಡಿಲ್ಲ. ಆದರೆ ರಹಸ್ಯ ಎಲ್ಲಿದೆ? ಹಿಂದಿನ ವಚನದಲ್ಲಿ ಆಜ್ಞಾಘೋಷ, ಪ್ರಧಾನದೂತನ ಶಬ್ದ, ದೇವರ ತುತೂರಿ ಎಲ್ಲ ಇವೆ. ಇಡೀ ಬೈಬಲಿನಲ್ಲಿ ಇಷ್ಟು ಗದ್ದಲದ ವಚನ ಹುಡುಕಿದರೂ ಸಿಗುವುದು ಕಷ್ಟ. ಇನ್ನು ‘ಎದುರುಗೊಳ್ಳು’ ಎಂಬ ಕನ್ನಡ ಪದ ನೋಡಿ. ಗ್ರೀಕಿನ ‘ಅಪಾಂತೇಸಿಸ್’ಗೆ ಇದಕ್ಕಿಂತ ಒಪ್ಪುವ ಮಾತು ಇಂಗ್ಲಿಷಿನಲ್ಲೂ ಇಲ್ಲ. ಇದೇ ಪದ ಇನ್ನೆರಡು ಕಡೆ ಬರುತ್ತದೆ. ಮತ್ತಾಯ 25ರಲ್ಲಿ ಕನ್ಯೆಯರು ದೀಪ ಹಿಡಿದು ಮದಲಿಂಗನನ್ನು ಎದುರುಗೊಳ್ಳಲು ಹೊರಡುತ್ತಾರೆ. ಅಪೊಸ್ತಲರ ಕೃತ್ಯಗಳು 28ರಲ್ಲಿ ರೋಮಿನ ವಿಶ್ವಾಸಿಗಳು ಪೌಲನನ್ನು ಎದುರುಗೊಳ್ಳಲು ಊರಾಚೆ ಬಹಳ ದೂರ ನಡೆದುಬರುತ್ತಾರೆ, ಆಮೇಲೆ ಪೌಲ ರೋಮಿಗೇ ಬರುತ್ತಾನೆ. ನಮ್ಮ ಕಡೆ ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳುವಾಗ ಏನು ಮಾಡುತ್ತೇವೆ? ವಾದ್ಯ ಹಿಡಿದು ಅಗಸಿಬಾಗಿಲ ತನಕ ಹೋಗಿ, ಆರತಿ ಎತ್ತಿ, ಹಂದರಕ್ಕೆ ಕರೆದುಕೊಂಡು ಬರುತ್ತೇವೆ. ಎದುರುಗೊಳ್ಳಲು ಹೋದ ಹೆಣ್ಣಿನ ಕಡೆಯವರೇ ಬೀಗರ ಬಸ್ಸು ಹತ್ತಿ ಅವರ ಊರಿಗೆ ಹೋಗಿಬಿಟ್ಟರು, ಮದುವೆಮನೆ ಏಳು ವರ್ಷ ಖಾಲಿ ಬಿತ್ತು ಅಂದರೆ ಹೇಗೆ? ಡಾರ್ಬಿಯ ಚಿತ್ರದಲ್ಲಿ ನನಗೆ ಕಾಣುವ ತೊಡಕು ಇದೇ. ಅವರ ಕಡೆಯ ವಿದ್ವಾಂಸರು ಈ ಪದಕ್ಕೆ ‘ಭೇಟಿ’ ಎಂದಷ್ಟೇ ಅರ್ಥ, ಮರಳಿ ಬರುವುದು ಅದರಲ್ಲಿ ಅಡಗಿಲ್ಲ ಎನ್ನುತ್ತಾರೆ. ಪದವೊಂದೇ ವಾದ ಗೆಲ್ಲಿಸುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆ ನಿಯಮ 1914ರವರಿಗೂ ಅನ್ವಯಿಸಬೇಕಲ್ಲ.

ಉಳಿದ ನಿಲುವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮತ್ತಾಯ 24ರ ಬಹುಪಾಲು ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ಟೈಟಸ್‌ನ ಸೈನ್ಯ ಯೆರೂಸಲೇಮಿನ ದೇವಾಲಯ ಸುಟ್ಟಾಗಲೇ ನೆರವೇರಿತು ಎನ್ನುವವರಿದ್ದಾರೆ. ಅವರ ಕೈಲಿರುವ ಬಲವಾದ ವಚನ, ಇದೆಲ್ಲಾ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ ಎಂಬ 34ನೆಯದು. ಶಿಷ್ಯರ ಪ್ರಶ್ನೆ ಹುಟ್ಟಿದ್ದೇ ದೇವಾಲಯದ ಕಲ್ಲಿನ ಮೇಲೆ ಕಲ್ಲು ನಿಲ್ಲದು ಎಂಬ ಮಾತಿನಿಂದ, ಆದ್ದರಿಂದ ಈ ಓದನ್ನು ತಳ್ಳಿಹಾಕಲಾಗದು. ಪ್ರಕಟನೆ 20ರ ಸಾವಿರ ವರ್ಷದ ಆಳ್ವಿಕೆಯ ಬಗ್ಗೆ ಬೇರೆಯೇ ಜಗಳ. ಸಭೆಯ ಹಳೆಯ ಗುರು ಅಗಸ್ಟೀನರಿಂದೀಚೆಗೆ ಕಥೋಲಿಕರೂ ಹಳೆಯ ಪ್ರಾಟೆಸ್ಟಂಟ್ ಸಭೆಗಳಲ್ಲಿ ಬಹಳಷ್ಟೂ ಅದನ್ನು ಈಗ ನಡೆಯುತ್ತಿರುವ ಸಭೆಯ ಕಾಲ ಎಂದು ಓದುತ್ತಾರೆ. ಅಗಸ್ಟೀನರಿಗಿಂತ ಹಿಂದಿನ ಐರೇನೇಯನಂಥವರು ಭೂಮಿಯ ಮೇಲಿನ ನಿಜವಾದ ಸಾವಿರ ವರ್ಷ ಎಂದು ನಂಬಿದ್ದರು. ಯೆಹೂದ್ಯರಿಗೆ ಮೆಸ್ಸೀಯನ ಮೊದಲ ಬರೋಣವೇ ಇನ್ನೂ ಆಗಬೇಕಿದೆ. ತಡಮಾಡಿದರೂ ಕಾಯುತ್ತೇನೆ ಎಂಬುದು ಅವರ ಪಂಡಿತ ಮೈಮೊನಿಡಿಸ್ ಹೇಳಿದ ಹದಿಮೂರು ತತ್ವಗಳಲ್ಲೊಂದರ ಸಾರ. ನಿಮ್ಮ ಮುಸ್ಲಿಂ ಸಹೋದ್ಯೋಗಿಗಳನ್ನು ಕೇಳಿದರೆ ಈಸಾ, ಅಂದರೆ ಯೇಸು, ಇಳಿದುಬರುವರೆಂಬ ನಂಬಿಕೆ ಅವರಲ್ಲೂ ಇದೆ ಎನ್ನುತ್ತಾರೆ.

‘ಸಿ.ಎಸ್.ಐ.ನವರು ಬರೋಣ ನಂಬುವುದಿಲ್ಲ’ ಎಂದು ತಮ್ಮ ಹೇಳಿದರೆ ಅದೂ ಸುಳ್ಳು. ಕ್ರಿ.ಶ. 381ರಿಂದ ಬಂದ ನಂಬಿಕೆಯ ಪ್ರಮಾಣದಲ್ಲಿ, ಬದುಕುವವರಿಗೂ ಸತ್ತವರಿಗೂ ತೀರ್ಪು ಮಾಡಲು ಮಹಿಮೆಯಿಂದ ತಿರುಗಿ ಬರುವನು ಎಂಬುದು ನಿಮ್ಮ ಬಾಯಲ್ಲೇ ಇದೆ. ಸಭಾಪಾಲಕರು ಒಂದೇ ಸಾಲಿನಲ್ಲಿ ಮುಗಿಸಿದ್ದು ತಪ್ಪು ಉತ್ತರವಲ್ಲ, ಗಿಡ್ಡ ಉತ್ತರ. ನಮ್ಮ ಹಳೆಯ ಸಭೆಗಳು ಈ ವಿಷಯದಲ್ಲಿ ಬಾಯಿ ಕಟ್ಟಿಕೊಂಡದ್ದರಿಂದಲೇ ಬೇರೆಯವರ ಮಾತು ಇಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಮಂದಿ ತಾರೀಖಿಗೆ ಯಾಕೆ ಮರುಳಾಗುತ್ತಾರೆ? ಓದುಬರಹ ಸಾಲದ್ದಕ್ಕಂತೂ ಅಲ್ಲ. ನಿಮ್ಮ ಬಾಸೆಲ್ ಮಿಶನ್ನಿನ ಬೇರು ಇರುವ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಅಲ್ಲಿನ ಭಕ್ತಿಪಂಥದ ಗುರು, 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಪಾಠಾಂತರಗಳ ಸಮೇತ ಸಂಪಾದಿಸಿದವರು. ಹಸ್ತಪ್ರತಿಗಳ ಎರಡು ಪಾಠಗಳಲ್ಲಿ ಕಷ್ಟದ್ದನ್ನೇ ಆರಿಸು ಎಂಬ ಅವರ ಸೂತ್ರವನ್ನು ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಅಂಥ ಎಚ್ಚರದ ಪಂಡಿತ ಪ್ರಕಟನೆಯ ಅಂಕಿಗಳನ್ನು ಕೂಡಿಸಿ ಕಳೆದು, 1836ರಲ್ಲಿ ದೊಡ್ಡ ತಿರುವು ಎಂದು ಬರೆದಿಟ್ಟರು. ಅವರು ತೀರಿಕೊಂಡದ್ದು 1752ರಲ್ಲಿ, ಲೆಕ್ಕ ಉಳಿಯಿತು. ಆ ನಿರೀಕ್ಷೆಯಲ್ಲಿ ಬೆಳೆದ ಕೆಲವು ಕುಟುಂಬಗಳು 1817ರ ಸುಮಾರಿಗೆ ಮನೆಮಾರು ಮಾರಿ ಡ್ಯಾನ್ಯೂಬ್ ನದಿ ಹಿಡಿದು ಕಾಕಸಸ್ ಕಡೆ ಹೊರಟವು, ದಾರಿಯಲ್ಲೇ ರೋಗಕ್ಕೆ ಬಲಿಯಾದವರು ಬಹಳ. 1836 ಬಂತು, ಹೋಯಿತು. ಅದೇ ವರ್ಷ ಅದೇ ವ್ಯುರ್ಟೆಂಬರ್ಗಿನಿಂದ ಹರ್ಮನ್ ಮೋಗ್ಲಿಂಗ್ ಎಂಬ ತರುಣ ಮಂಗಳೂರಿಗೆ ಬಂದಿಳಿದು ಕನ್ನಡ ಕಲಿಯಲು ಕೂತ. ಏಳು ವರ್ಷದಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಒಂದೇ ನೆಲದ ಭಕ್ತಿ ಒಬ್ಬರನ್ನು ಲೆಕ್ಕದ ಪಟ್ಟಿಗೆ ಕೂರಿಸಿತು, ಇನ್ನೊಬ್ಬರನ್ನು ಅಚ್ಚಿನ ಮನೆಗೆ.

ತಾರೀಖು ಕೊಡುವುದು ನೆಮ್ಮದಿಯನ್ನು. ಸಾವು, ಯುದ್ಧ, ಕಾಯಿಲೆ, ಕೆಲಸದ ಅನಿಶ್ಚಿತತೆ ಇವೆಲ್ಲ ಒಂದು ವೇಳಾಪಟ್ಟಿಯೊಳಗೆ ಕೂತುಬಿಡುತ್ತವೆ. ಲೋಕಕ್ಕೆಲ್ಲ ಗೊತ್ತಿಲ್ಲದ್ದು ನಮಗೆ ಗೊತ್ತಿದೆ ಎಂಬ ಬಿಸಿಯೂ ಅದರಲ್ಲಿದೆ. ದಾನಿಯೇಲನ 2300 ಸಂಧ್ಯಾಪ್ರಾತಃಕಾಲಗಳನ್ನು ವರ್ಷವಾಗಿಸಿ, ಕ್ರಿ.ಪೂ. 457ರಿಂದ ಎಣಿಸಿ, ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಬಂದು ನಿಂತರು. ಬೆಳಗಾದಾಗ ಅತ್ತರು. ಅವರಲ್ಲಿ ಕೆಲವರಿಂದ ಹುಟ್ಟಿದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಆಮೇಲೆ ಬರೋಣಕ್ಕೆ ತಾರೀಖು ಇಡುವುದನ್ನೇ ಬಿಟ್ಟಿತು. ಪಾಠ ಕಲಿತವರೂ ಇದ್ದಾರೆ. 2025ರ ಸೆಪ್ಟೆಂಬರ್ 23-24ಕ್ಕೆ ಎತ್ತಲ್ಪಡುವಿಕೆ ಎಂದು ದಕ್ಷಿಣ ಆಫ್ರಿಕಾದ ಬೋಧಕರೊಬ್ಬರು ಹೇಳಿದ ವಿಡಿಯೊ ಬಹುಶಃ ನಿಮ್ಮ ತಮ್ಮನ ಫೋನಿನಲ್ಲೂ ಇದ್ದೀತು. ಅದು ಹೋದ ಮೇಲೆ ಏನು ಹೇಳಿದರು ಎಂದು ಅವನನ್ನೇ ಕೇಳಿ. ಅಣಕವಾಗಿ ಬೇಡ, ನಿಜವಾಗಿ ಕೇಳಿ.

ಯೆಹೂದ್ಯರ ಒಂದು ಕಥೆ ನನಗೆ ಎಲ್ಲಕ್ಕಿಂತ ಹತ್ತಿರ. 1665-66ರಲ್ಲಿ ಸಬ್ಬತೈ ಚ್ವಿ ಎಂಬುವನು ತಾನೇ ಮೆಸ್ಸೀಯ ಎಂದಾಗ ಯೂರೋಪಿನ ಯೆಹೂದಿ ಕೇರಿಗಳು ಗಂಟುಮೂಟೆ ಕಟ್ಟಿದವು. ಗ್ಲಿಕಲ್ ಎಂಬ ವ್ಯಾಪಾರಿ ಹೆಣ್ಣುಮಗಳು ತನ್ನ ಮಾವನ ಬಗ್ಗೆ ಬರೆದಿಟ್ಟಿದ್ದಾಳೆ. ಅವರು ಊರು ಬಿಟ್ಟು, ಹ್ಯಾಂಬರ್ಗಿನಲ್ಲಿದ್ದ ಈಕೆಯ ಮನೆಗೆ ಎರಡು ದೊಡ್ಡ ಪೀಪಾಯಿ ಕಳಿಸಿದರು. ಒಳಗೆ ಬಟ್ಟೆ, ಬಟಾಣಿ, ಕಾಳು, ಒಣಮಾಂಸ, ಒಣಹಣ್ಣು. ಕರೆ ಬಂದೊಡನೆ ಹಡಗು ಹತ್ತಿ ಪವಿತ್ರ ದೇಶಕ್ಕೆ ಹೋಗಲು. ವರ್ಷ ದಾಟಿತು. ಮಾಂಸ ಕೊಳೆತು ಬಟ್ಟೆ ಹಾಳಾದೀತು, ತಿನ್ನುವುದನ್ನು ತೆಗೆದುಬಿಡಿ ಎಂದು ಕಾಗದ ಬಂತು. ಬಟ್ಟೆಯ ಪೀಪಾಯಿ ಮಾತ್ರ ಇನ್ನೂ ಮೂರು ವರ್ಷ ಹಾಗೇ ಇತ್ತು. ಅಷ್ಟರಲ್ಲಿ ಸಬ್ಬತೈ ತುರ್ಕಿ ಸುಲ್ತಾನನ ಮುಂದೆ ಇಸ್ಲಾಮಿಗೆ ಮತಾಂತರವಾಗಿ ಬಹಳ ದಿನ ಆಗಿತ್ತು. ಇಂಥದ್ದನ್ನೆಲ್ಲ ಕಂಡುಂಡವರಾದ್ದರಿಂದಲೋ ಏನೋ, ಅಂತ್ಯದ ಲೆಕ್ಕ ಹಾಕುವವರ ಎಲುಬು ಪುಡಿಯಾಗಲಿ ಎಂಬರ್ಥದ ಶಾಪ ಅವರ ಧರ್ಮಗ್ರಂಥ ತಾಲ್ಮೂದಿನಲ್ಲಿ ಅದಕ್ಕೂ ಎಷ್ಟೋ ಹಿಂದಿನಿಂದಲೇ ಇದೆ.

ಇನ್ನು ನಿಮ್ಮ ಮನೆ. ಯಜಮಾನರ ಮುಂದೆ ಮೂರು ದಾರಿಗಳಿವೆ ಎಂದುಕೊಳ್ಳಿ. ಆ ಇಬ್ಬರನ್ನು ಬಾಗಿಲಲ್ಲೇ ತಡೆಯುವುದು ಒಂದು. ಅದರಿಂದ ಅಧ್ಯಯನ ನಿಲ್ಲುವುದಿಲ್ಲ, ಮನೆಯಾಚೆ ಹೋಗುತ್ತದೆ, ನೀವು ಹಿಂಸಿಸುವವರ ಸಾಲಿಗೆ ಸೇರುತ್ತೀರಿ. ಹಿಂಸೆ ಬಂದರೆ ಸತ್ಯದ ಗುರುತು ಎಂದು ಕಲಿತವರಿಗೆ ಅದು ಹಾಲು ಕುಡಿಸಿದಂತೆ. ಸುಮ್ಮನಿದ್ದುಬಿಡುವುದು ಇನ್ನೊಂದು. ಸ್ವಲ್ಪ ದಿನ ಶಾಂತಿ ಇರುತ್ತದೆ, ಆದರೆ ಮಗಳು ಇಬ್ಬರ ನಡುವೆ ತಾನೇ ಅರ್ಥ ಹುಡುಕಿಕೊಳ್ಳಬೇಕಾಗುತ್ತದೆ. ನಾನು ಹೇಳುವುದು, ನೀವೂ ಆ ಮೇಜಿಗೆ ಕೂತುಕೊಳ್ಳಿ. 607ರ ಆಧಾರ ಕೇಳಿ. 1874ರ ಸಂಗತಿ ಕೇಳಿ. ಅವರು ಸಿಟ್ಟಾಗದೆ ಉತ್ತರ ಕೊಡಬಹುದು, ಆ ಉತ್ತರ ಯಜಮಾನರಿಗೆ ಒಪ್ಪಿಗೆಯೂ ಆಗಬಹುದು. ಆ ಅಪಾಯ ಇದ್ದೇ ಇದೆ. ಹಾಗಾದರೆ ಅವರು ಲೆಕ್ಕ ನೋಡಿ ಒಪ್ಪಿದರು ಎಂದಾಯಿತು, ನೀವು ಅವರನ್ನು ಕಳೆದುಕೊಂಡಿರಿ ಎಂದಲ್ಲ. ಎರಡು ಸಭೆಯ ಗಂಡಹೆಂಡಿರು ಒಂದೇ ಮನೆಯಲ್ಲಿ ನಲವತ್ತು ವರ್ಷ ಬಾಳಿದ್ದನ್ನು ನಾನು ನೋಡಿದ್ದೇನೆ. ಕ್ರಿಸ್‌ಮಸ್‌ಗೆ ಒಬ್ಬರು ಕರ್ಚಿಕಾಯಿ ಕರಿಯುತ್ತಿದ್ದರು, ಇನ್ನೊಬ್ಬರು ಹಬ್ಬ ಮಾಡುತ್ತಿರಲಿಲ್ಲ, ಕರ್ಚಿಕಾಯಿ ಮಾತ್ರ ಮರುದಿನ ತಿನ್ನುತ್ತಿದ್ದರು.

ಹೊಲದ ವಿಷಯಕ್ಕೆ ವಕೀಲರನ್ನೇ ಕಾಣಬೇಕು. ನನಗೆ ಗೊತ್ತಿರುವುದಿಷ್ಟು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ತಾಯಿ ಇದ್ದರೆ ಅವರಿಗೆ ಮೂರನೆಯ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮ, ಗಂಡು ಹೆಣ್ಣೆಂಬ ಭೇದವಿಲ್ಲ. ತಮ್ಮನ ಪಾಲು ತಮ್ಮನದು, ಅದನ್ನು ಅವನು ಸೇವೆಗೆ ಕೊಡುತ್ತೇನೆಂದರೆ ನೀವು ಬೇಸರಪಡಬಹುದೇ ಹೊರತು ತಡೆಯಲಾಗದು. ಆದರೆ ಅವನ ಪಾಲಿಗಾಗಿ ನಿಮ್ಮದನ್ನೂ ಮಾರಬೇಕಾಗಿಲ್ಲ. ಉತಾರ (ಪಹಣಿ) ತೆಗೆಸಿ, ಅಳತೆ ಮಾಡಿಸಿ, ವಾಟ್ನಿ (ಪಾಲು) ಮಾಡಿಕೊಳ್ಳಿ. ವಕೀಲರು ಒಪ್ಪಿದರೆ ಅವನ ಭಾಗವನ್ನು ಒಂದೆರಡು ವರ್ಷ ಲಾವಣಿಗೆ (ಗೇಣಿಗೆ) ಹಾಕಿ, ಬಂದ ದುಡ್ಡನ್ನು ಬೇಕಾದರೆ ಸೇವೆಗೆ ಕೊಡಲಿ ಎಂದು ಹೇಳಿ ನೋಡಿ. ಲಾವಣಿ ಕೊಟ್ಟ ಹೊಲ ತಿರುಗಿ ಕೈಗೆ ಬರುತ್ತದೆ, ಮಾರಿ ದಾನ ಕೊಟ್ಟದ್ದು ಬರುವುದಿಲ್ಲ. ಇದಕ್ಕೂ ಅವನು ಒಪ್ಪದಿದ್ದರೆ, ಅವಸರ ಯಾರದ್ದು, ಕರ್ತನದ್ದೋ ಕೂಟ ನಡೆಸುವವರದ್ದೋ ಎಂದು ಕೇಳುವ ಹಕ್ಕು ಅಕ್ಕನಿಗೆ ಇದೆ.

ಅವನ ಬೈಬಲಿನಲ್ಲೇ ಇದಕ್ಕೆ ಉತ್ತರವಿದೆ. ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರದಲ್ಲಿ, ಕರ್ತನ ದಿನ ಆಗಲೇ ಬಂದಿದೆ ಎಂಬ ಮಾತಿಗೆ ದಿಗಿಲುಬೀಳಬೇಡಿ ಎಂದು ಎರಡನೆಯ ಅಧ್ಯಾಯದಲ್ಲಿ ಪೌಲ ಹೇಳುತ್ತಾನೆ. ನಿಮ್ಮ ಮನೆಯ ಗದ್ದಲ ಕ್ರಿ.ಶ. 50ರ ಸುಮಾರಿನಲ್ಲೇ ಶುರುವಾಗಿತ್ತು ನೋಡಿ. ಮೂರನೆಯ ಅಧ್ಯಾಯದಲ್ಲಿ, ನಿಮ್ಮಲ್ಲಿ ಕೆಲವರು ಕೆಲಸ ಬಿಟ್ಟು ಅಲೆಯುತ್ತಿದ್ದಾರಂತೆ, ದುಡಿಯಲೊಲ್ಲದವನು ಉಣ್ಣಲೂ ಬಾರದು, ಸುಮ್ಮನೆ ಕೆಲಸ ಮಾಡಿ ತಮ್ಮ ಅನ್ನ ತಿನ್ನಲಿ ಅನ್ನುತ್ತಾನೆ. ಬರೋಣವನ್ನು ಅಷ್ಟು ಬಲವಾಗಿ ನಂಬಿದವನು, ತಾನು ಬದುಕಿರುವಾಗಲೇ ಆದೀತು ಎಂಬ ಧ್ವನಿಯಲ್ಲಿ ಬರೆದವನು, ತಾನೇ ಗುಡಾರ ಹೊಲಿದು ಉಂಡವನು. ಮಗಳ ಸಿಇಟಿ ಪ್ರಶ್ನೆಗೂ ನನ್ನ ಉತ್ತರ ಇದೇ ಅಧ್ಯಾಯ. ಅವಳು ತಮಾಷೆಗೆ ಕೇಳಿದ್ದರೂ ಉತ್ತರವನ್ನು ತಮಾಷೆಯಾಗಿ ಕೊಡಬೇಡಿ. ಸಾಕ್ಷಿಗಳ ಮನೆಯ ಮಕ್ಕಳೂ ಪರೀಕ್ಷೆಗೆ ಓದುತ್ತಾರೆ, ಎತ್ತಲ್ಪಡುವಿಕೆ ಸಾರುವವರಲ್ಲೂ ಎಷ್ಟೋ ಮಂದಿ ವಿಮೆ ಕಂತು ಕಟ್ಟುತ್ತಾರೆ, ನಿಮ್ಮ ಸಭೆಯವರೂ ಕಟ್ಟುತ್ತಾರೆ ಎಂದು ಹೇಳಿ. ಅವಳು ನಿದ್ದೆ ಬಿಡುತ್ತಿದ್ದರೆ, ಒಬ್ಬಳೇ ಇರಲು ಹೆದರುತ್ತಿದ್ದರೆ, ಅಮ್ಮ ಎಲ್ಲಿ ಎಂದು ರಾತ್ರಿ ಎದ್ದು ನೋಡುತ್ತಿದ್ದರೆ ಅದು ದೈವಶಾಸ್ತ್ರದ ಪ್ರಶ್ನೆಯಾಗಿ ಉಳಿದಿಲ್ಲ. ಆಪ್ತಸಮಾಲೋಚಕರನ್ನು ಕಾಣಿಸಿ, ಮಾವನ ವಿಡಿಯೊಗಳನ್ನು ಸ್ವಲ್ಪ ದಿನ ಅವಳ ಫೋನಿಗೆ ಬರದಂತೆ ನೋಡಿಕೊಳ್ಳಿ.

ಎರಿಹೊಲ ಅಂದಿರಿ, ಯಾರು ಮಾಡುತ್ತಾರೆ ಎಂದು ಬರೆಯಲಿಲ್ಲ. ಹಿಂಗಾರಿ ಕಡಲೆ ಬಿತ್ತುವ ಹೊತ್ತಿಗೆ ತಮ್ಮನನ್ನು ಎರಡು ದಿನ ಊರಿಗೆ ಕರೆಸಿ. ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಆ ಮೂರನೆಯ ಅಧ್ಯಾಯವನ್ನು ಅವನೇ ಓದಲಿ.